ಥಂಬ್ ಯಂತ್ರ, ಪ್ರೋತ್ಸಾಹಧನ ಮತ್ತು ಕೆಲಸಗಾರರ ಸ್ವಭಾವ

ತರೀಕೆರೆ ಕಡೆಯ ತೋಟಗಳಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ಸಾಮಾನ್ಯವಾಗಿ ಸುಲಿದಷ್ಟಕ್ಕೆ ಲೆಕ್ಕ. ಅದೇ ಹೆಂಗಸರು ಮಳೆಗಾಲದಲ್ಲಿ ಅಜ್ಜಂಪುರದ ಈರುಳ್ಳಿ ಹೊಲಕ್ಕೋ ಕಡೂರಿನ ರಾಗಿ ಹೊಲಕ್ಕೋ ಕಳೆ ಕೀಳಲು ಹೋದರೆ ದಿನಗೂಲಿ. ಮೊದಲನೆಯ ಕಡೆ ಯಾರೂ ಬೆನ್ನ ಹಿಂದೆ ನಿಂತು ನೋಡಬೇಕಾಗಿಲ್ಲ, ಕೊನೆಯಲ್ಲಿ ಅಳೆದರೆ ಸಾಕು. ಎರಡನೆಯ ಕಡೆ ಹೊಲದ ಯಜಮಾನರು ಬದುವಿನ ಮೇಲೆ ನಿಂತೇ ಇರುತ್ತಾರೆ. ಕೆಲಸ ಮಾಡಿಸುವ ವಿಷಯದಲ್ಲಿ ಕಛೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ ಎಲ್ಲಿಗೆ ಹೋದರೂ ಹೆಚ್ಚಾಗಿ ಕಾಣುವುದು ಈ ಎರಡೇ ದಾರಿ. ಒಂದು, ಮಾಡಿದ್ದಕ್ಕೆ ತಕ್ಕ ಹಣ. ಇನ್ನೊಂದು, ಕಣ್ಗಾವಲು.

ಆದರೆ ಅಡಿಕೆ ಸುಲಿಯುವ ಸಾಲನ್ನು ಸ್ವಲ್ಪ ಹೊತ್ತು ಕುಳಿತು ಗಮನಿಸಿದವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ದರ ಒಂದೇ, ಅಡಿಕೆ ಒಂದೇ, ಕುಳಿತ ಚಪ್ಪರವೂ ಒಂದೇ. ಆದರೂ ಒಬ್ಬಾಕೆ ರಾತ್ರಿ ಹತ್ತಾದರೂ ಏಳುವುದಿಲ್ಲ. ಪಕ್ಕದಾಕೆ ಅವತ್ತಿನ ಖರ್ಚಿಗೆ ಸಾಲುವಷ್ಟು ಸುಲಿದು ಮಕ್ಕಳಿಗೆ ಅನ್ನ ಹಾಕಲು ಎದ್ದು ಹೋಗುತ್ತಾಳೆ. ಮೂರನೆಯಾಕೆ ದರ ಏರಲಿ ಇಳಿಯಲಿ, ಅಡಿಕೆಗೆ ಕತ್ತಿ ತಾಗದಂತೆ ನಿಧಾನವಾಗಿಯೇ ಸುಲಿಯುತ್ತಾಳೆ. ಒಂದೇ ಹಣಕ್ಕೆ ಮೂರು ಬಗೆಯ ಉತ್ತರ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ನಿಯಮಗಳು ಏಕೆ ಎಡವುತ್ತವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಮ್ಮ ಓದುಗರಲ್ಲಿ ಶಾಲೆ, ಹಾಸ್ಟೆಲ್, ದವಾಖಾನೆ, ಸಂಘಸಂಸ್ಥೆಗಳನ್ನು ನಡೆಸುವವರು ಇದ್ದಾರೆ. ಅಲ್ಲಿ ದುಡಿಯುವವರು ಅದಕ್ಕಿಂತ ಹೆಚ್ಚಿದ್ದಾರೆ. ಇಬ್ಬರಿಗೂ ಸಂಬಂಧಪಟ್ಟ ವಿಷಯವಿದು.

ಕರ್ನಾಟಕದ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ

ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ ಒಂದು ಅಧ್ಯಯನ ನಮ್ಮ ರಾಜ್ಯದಲ್ಲೇ ನಡೆದಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮನೋಜ್ ಮೋಹನನ್, ಸ್ಟ್ಯಾನ್‌ಫರ್ಡಿನ ಗ್ರಾಂಟ್ ಮಿಲ್ಲರ್, ಕ್ಯಾಥರೀನ್ ಡೊನಾಟೊ ಮತ್ತು ಅವರ ಸಂಗಡಿಗರು ಕರ್ನಾಟಕದ ಗ್ರಾಮೀಣ ಪ್ರದೇಶಗಳಲ್ಲಿ ಹೆರಿಗೆ ಮಾಡಿಸುವ ಖಾಸಗಿ ವೈದ್ಯರನ್ನು ಆರಿಸಿಕೊಂಡು ಅವರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ, ಹೆರಿಗೆಯ ವೇಳೆ ಪಾಲಿಸಬೇಕಾದ ಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಹಣ. ಇನ್ನೊಂದು ಗುಂಪಿಗೆ ಕ್ರಮದ ಮಾತಿಲ್ಲ, ಫಲಿತಾಂಶಕ್ಕೆ ಹಣ. ಅಂದರೆ ಬಾಣಂತಿಗೆ ಅತಿಯಾದ ರಕ್ತಸ್ರಾವ, ನಂಜು, ರಕ್ತದೊತ್ತಡದ ತೊಂದರೆ ಇವು ಕಡಿಮೆಯಾಗಬೇಕು, ಶಿಶು ಉಳಿಯಬೇಕು. ಮೂರನೆಯ ಗುಂಪಿಗೆ ಯಾವ ಪ್ರೋತ್ಸಾಹಧನವೂ ಇಲ್ಲ. ಲೆಕ್ಕ ಬರೆದುಕೊಡುವ ಕೆಲಸವನ್ನು ವೈದ್ಯರಿಗೇ ಬಿಡಲಿಲ್ಲ. ಹೆರಿಗೆಯಾದ ಕೆಲವು ದಿನಗಳಲ್ಲಿ ತಾಯಂದಿರ ಮನೆಗೇ ಹೋಗಿ ಕೇಳಿ ತಿಳಿದುಕೊಂಡರು.

ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ದೇಶದಲ್ಲಿ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಒಂದು. ಮಗು ಹುಟ್ಟಿದ 24 ಗಂಟೆಯೊಳಗೆ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅಪಾಯ ಎಂದು ಪರಿಗಣಿಸುತ್ತಾರೆ. ರಕ್ತನಿಧಿಯಿರುವ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿಯಿರುವ ಹಳ್ಳಿಗಳಲ್ಲಿ ಈ ಅಳತೆಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಪ್ರೋತ್ಸಾಹಧನದ ಎರಡೂ ಗುಂಪುಗಳಲ್ಲಿ ಈ ರಕ್ತಸ್ರಾವದ ಪ್ರಕರಣಗಳು ಹೆಚ್ಚುಕಡಿಮೆ ಸಮನಾಗಿ ಇಳಿದವು. ಫಲಿತಾಂಶಕ್ಕೆ ಹಣ ಎಂಬ ಗುಂಪಿನಲ್ಲಿ ಹೆಚ್ಚಿನ ವಿದ್ಯಾರ್ಹತೆಯ ವೈದ್ಯರು ಉತ್ತಮವಾಗಿ ಕೆಲಸ ಮಾಡಿದಂತೆ ಕಂಡಿತು. ಕ್ರಮಕ್ಕೆ ಹಣ ಎಂಬ ಗುಂಪಿನಲ್ಲಿ ಡಿಗ್ರಿಯಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಏನು ಮಾಡಬೇಕೆಂದು ಬರೆದುಕೊಟ್ಟರೆ ಯಾರಾದರೂ ಮಾಡಬಹುದು. ಇಂಥ ಫಲ ಬೇಕು, ದಾರಿ ನೀವೇ ಹುಡುಕಿಕೊಳ್ಳಿ ಎಂದರೆ ಅದಕ್ಕೆ ವಿದ್ಯೆ ಬೇಕಾಗುತ್ತದೆ.

ಇಲ್ಲಿಯವರೆಗೆ ಇದು ಹಣದ ಕಥೆ. ಇದೇ ತಂಡ ಒಂದು ಹೆಜ್ಜೆ ಮುಂದೆ ಹೋಗಿ ಆ ವೈದ್ಯರ ಸ್ವಭಾವವನ್ನೂ ಪ್ರಶ್ನಾವಳಿಯ ಮೂಲಕ ಅಳೆಯಿತು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಸಂಗತಿಗಳಿವೆ.

ಮೊದಲನೆಯದು, ಕರ್ತವ್ಯನಿಷ್ಠೆ ಹೆಚ್ಚಿರುವ ವೈದ್ಯರ ಕೆಲಸ ಒಟ್ಟಿನಲ್ಲಿ ಉಳಿದವರಿಗಿಂತ ಚೆನ್ನಾಗಿತ್ತು. ಇದು ನಿರೀಕ್ಷಿತವೇ. ಆದರೆ ಪ್ರೋತ್ಸಾಹಧನದಿಂದ ಆದ ಸುಧಾರಣೆ ಮಾತ್ರ ಅವರಲ್ಲಿ ಕಡಿಮೆಯಿತ್ತು. ಎರಡನೆಯದು, ಬೇಗ ಕಳವಳಗೊಳ್ಳುವ, ಆತಂಕದ ಸ್ವಭಾವ ಹೆಚ್ಚಿರುವ ವೈದ್ಯರಲ್ಲೂ ಪ್ರೋತ್ಸಾಹಧನದ ಪರಿಣಾಮ ಕಡಿಮೆಯೇ ಇತ್ತು. ಇಬ್ಬರ ಮೇಲೂ ಹಣ ಅಷ್ಟಾಗಿ ಕೆಲಸ ಮಾಡಲಿಲ್ಲ. ಕಾರಣ ಮಾತ್ರ ಒಂದೇ ಇರಲಾರದು ಎಂದು ನಮಗೆ ತೋರುತ್ತದೆ.

ನಿಷ್ಠೆಯುಳ್ಳವರ ವಿಷಯ ಅರ್ಥ ಮಾಡಿಕೊಳ್ಳುವುದು ಸುಲಭ. ಯಾರೂ ಹೇಳದಿದ್ದರೂ ಕೈ ತೊಳೆದು, ಚುಚ್ಚುಮದ್ದು ಸಿದ್ಧ ಮಾಡಿಟ್ಟು, ಹೆರಿಗೆಯಾದ ಮೇಲೂ ಬಾಣಂತಿಯ ಪಕ್ಕ ನಿಂತು ನೋಡುವ ವೈದ್ಯೆಗೆ ಹಣ ಕೊಟ್ಟರೆ ಆಕೆ ಹೆಚ್ಚಿಗೆ ಮಾಡುವುದಾದರೂ ಏನನ್ನು? ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಆತಂಕದವರ ವಿಷಯ ಹಾಗಲ್ಲ. ರಕ್ತಸ್ರಾವ ಆಗುವುದು ಬಿಡುವುದು ಪೂರ್ತಿಯಾಗಿ ವೈದ್ಯರ ಕೈಯಲ್ಲಿಲ್ಲ. ರಕ್ತಹೀನತೆಯಿಂದ ಬಳಲುತ್ತಾ, ಕೊನೆಯ ಗಳಿಗೆಯಲ್ಲಿ ಬಂದ ಗರ್ಭಿಣಿಯ ಹೆರಿಗೆ ಎಷ್ಟೇ ಎಚ್ಚರ ವಹಿಸಿದರೂ ಕೆಡಬಹುದು. ಹೀಗಿರುವಾಗ ‘ಚೆನ್ನಾಗಿ ಆದರೆ ಹಣ’ ಎಂಬ ಮಾತನ್ನು ಒಬ್ಬರು ‘ಹಣ ಸಿಗಬಹುದು’ ಎಂದು ಕೇಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ‘ತಪ್ಪಿಹೋಗಬಹುದು’ ಎಂದು ಕೇಳಿಸಿಕೊಳ್ಳುತ್ತಾರೆ. ಎರಡನೆಯವರ ಮನಸ್ಸಿನಲ್ಲಿ ಹುರುಪಿಗಿಂತ ಅಂಜಿಕೆಯೇ ಮೊದಲು ಹುಟ್ಟುತ್ತದೆ. ಇದು ನಮ್ಮ ವಿವರಣೆ. ಪರೀಕ್ಷೆಯ ಹಾಲ್‌ನಲ್ಲಿ ಮೇಲ್ವಿಚಾರಕರು ಪಕ್ಕದಲ್ಲಿ ಬಂದು ನಿಂತ ಕೂಡಲೇ ಬರೆಯುತ್ತಿದ್ದ ಉತ್ತರವನ್ನೇ ಮರೆತುಬಿಡುವ ಮಕ್ಕಳನ್ನು ಕಂಡ ಶಿಕ್ಷಕರಿಗೆ ಇದು ಹೊಸದಾಗಿ ತೋರಲಾರದು.

ಸ್ವಭಾವವನ್ನು ಅಳೆಯುವುದು ಹೇಗೆ?

ಸ್ವಭಾವ ಎಂದರೆ ನಾವು ದಿನನಿತ್ಯ ಹೇಳುವ ‘ಗುಣ’. ಮನಶ್ಶಾಸ್ತ್ರಜ್ಞರು ಕೆಲವು ದಶಕಗಳಿಂದ ಇದನ್ನು ಐದು ಮುಖಗಳಲ್ಲಿ ನೋಡುತ್ತಿದ್ದಾರೆ. ಹೊಸದಕ್ಕೆ ತೆರೆದುಕೊಳ್ಳುವ ಮನಸ್ಸು, ಕರ್ತವ್ಯನಿಷ್ಠೆ, ಜನರ ನಡುವೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಮತ್ತು ಆತಂಕದ ಸ್ವಭಾವ. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ. ಹಲವಾರು ಸಣ್ಣ ಹೇಳಿಕೆಗಳನ್ನು ಕೊಟ್ಟು ಇದು ನಿಮಗೆ ಎಷ್ಟು ಒಪ್ಪುತ್ತದೆ ಎಂದು ಕೇಳಿ ಅಂಕ ಹಾಕುತ್ತಾರೆ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಆವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಐದರಲ್ಲಿ ಬೇರೆ ಬೇರೆ ವೃತ್ತಿಗಳೆಲ್ಲದರಲ್ಲೂ ಕೆಲಸದ ಗುಣಮಟ್ಟದೊಂದಿಗೆ ಹೊಂದಿಕೆಯಾದದ್ದು ಕರ್ತವ್ಯನಿಷ್ಠೆ ಎಂದು ಕಂಡುಬಂದಿತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಪ್ರಶ್ನಾವಳಿಗಳು ಸಂಶೋಧನೆಗೆ ಸರಿ. ಕೆಲಸ ಕೇಳಿಕೊಂಡು ಬಂದವರ ಕೈಗೆ ಅದನ್ನೇ ಕೊಟ್ಟರೆ, ‘ಹಿಡಿದ ಕೆಲಸ ಬಿಡುವುದಿಲ್ಲ’ ಎಂಬ ಹೇಳಿಕೆಯ ಎದುರು ‘ಇಲ್ಲ’ ಎಂದು ಗುರುತು ಹಾಕುವವರು ಯಾರಿದ್ದಾರೆ? ಅರ್ಜಿದಾರರ ಗುಣ ತಿಳಿಯಲು ಅವರು ಹಿಂದೆ ದುಡಿದ ಕಡೆ ಒಂದು ಮಾತು ವಿಚಾರಿಸುವ ನಮ್ಮ ಹಳೆಯ ಪದ್ಧತಿಯೇ ವಾಸಿ.

ಥಂಬ್ ಕೊಟ್ಟು ಹೋದವರು

ಈಗ ಕಣ್ಗಾವಲಿನ ಕಡೆಗೆ ಬರೋಣ. ‘ಥಂಬ್ ಕೊಡುವುದು’ ಎಂಬ ಮಾತು ಇಂದು ಕಡೂರಿನಿಂದ ಕಾರವಾರದವರೆಗೆ ಎಲ್ಲರ ಬಾಯಲ್ಲಿದೆ. ರೇಷನ್ ಅಂಗಡಿಯಲ್ಲಿ ಥಂಬ್, ಕಛೇರಿಯಲ್ಲಿ ಥಂಬ್. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥ ಬೆರಳಚ್ಚು ಹಾಜರಿಯನ್ನು ಸರ್ಕಾರ ಜಾರಿಗೆ ತಂದಾಗ ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಅದರ ಫಲವನ್ನು ಅಧ್ಯಯನ ಮಾಡಿದರು. ಐದು ಜಿಲ್ಲೆಗಳ 322 ಕೇಂದ್ರಗಳನ್ನು ತೆಗೆದುಕೊಂಡು, 140 ಕೇಂದ್ರಗಳಲ್ಲಿ ಯಂತ್ರ ಇಟ್ಟು, ಉಳಿದವುಗಳ ಜೊತೆ ಹೋಲಿಸಿದರು. ವೈದ್ಯಕೀಯ ಸಿಬ್ಬಂದಿಯ ಹಾಜರಿ ಸುಮಾರು 15% ಏರಿತು. ಆ ಪ್ರದೇಶದಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟುವ ಪ್ರಮಾಣವೂ ಇಳಿಯಿತು. ಕೇವಲ ಒಂದು ಯಂತ್ರದಿಂದ ಇಷ್ಟಾಯಿತೆಂದರೆ ಸಣ್ಣ ಮಾತಲ್ಲ.

ಆದರೆ ಹಾಜರಿ ಏರಿದ್ದು ನರ್ಸ್, ಲ್ಯಾಬ್ ಟೆಕ್ನಿಷಿಯನ್, ಔಷಧ ವಿತರಕರಲ್ಲಿ. ಡಾಕ್ಟರರ ಹಾಜರಿ ಇದ್ದಲ್ಲೇ ಇತ್ತು. ತಡವಾಗಿ ಬಂದವರ ರಜೆ ಕಡಿತ, ಸಂಬಳ ಕಡಿತ ಎಂಬ ನಿಯಮ ಕಾಗದದ ಮೇಲಿದ್ದರೂ ಮೇಲಧಿಕಾರಿಗಳು ಅದನ್ನು ಪೂರ್ತಿಯಾಗಿ ಜಾರಿ ಮಾಡಲಿಲ್ಲ. ಹಳ್ಳಿಗೆ ಡಾಕ್ಟರರು ಸಿಗುವುದೇ ಕಷ್ಟ. ಇರುವವರನ್ನು ನೋಯಿಸಿದರೆ ಅವರೂ ಬಿಟ್ಟು ಹೋಗುತ್ತಾರೆಂಬ ಭಯ ಅಧಿಕಾರಿಗಳಿಗೆ ಇದ್ದರೆ ಆಶ್ಚರ್ಯವಿಲ್ಲ. ಡಾಕ್ಟರರಿಗೆ ಬೇರೆ ದಾರಿ ಇದೆ, ಸಂಬಳವನ್ನೇ ನಂಬಿದ ನರ್ಸಮ್ಮನಿಗೆ ಇಲ್ಲ. ಯಂತ್ರ ಇಬ್ಬರನ್ನೂ ಒಂದೇ ರೀತಿ ನೋಡಿತು, ಆದರೆ ಅದು ಬಿಗಿಯಾದದ್ದು ಒಬ್ಬರ ಮೇಲೆ ಮಾತ್ರ. ಆದ್ದರಿಂದ ಸ್ವಭಾವದ ಬಗ್ಗೆ ಮಾತಾಡುವಾಗ ಸ್ಥಾನಮಾನವನ್ನು ಮರೆಯಬಾರದು. ಕೆಳಗಿನ ನೌಕರರ ತಡವನ್ನು ‘ಸೋಮಾರಿತನ’ ಎಂದೂ ಮೇಲಿನವರ ತಡವನ್ನು ‘ಒತ್ತಡ’ ಎಂದೂ ಕರೆಯುವ ಅಭ್ಯಾಸ ನಮ್ಮ ಸಂಸ್ಥೆಗಳಲ್ಲೂ ಇಲ್ಲದಿಲ್ಲ.

ರಾಜಸ್ಥಾನದ ಉದಯಪುರದಲ್ಲಿ ಇದೇ ಬಗೆಯ ಎರಡು ಪ್ರಯೋಗಗಳು ನಡೆದಿದ್ದು, ಅವುಗಳನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ. ಸೇವಾ ಮಂದಿರ ಎಂಬ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳಲ್ಲಿ 2003ರಿಂದ ಶಿಕ್ಷಕರಿಗೆ ದಿನಾಂಕ, ಸಮಯ ಮೂಡುವ ಕ್ಯಾಮೆರಾ ಕೊಟ್ಟು, ಶಾಲೆಯ ಆರಂಭ ಮತ್ತು ಅಂತ್ಯದಲ್ಲಿ ಮಕ್ಕಳೊಂದಿಗೆ ಫೋಟೊ ತೆಗೆಸಿ, ಬಂದ ದಿನಗಳ ಲೆಕ್ಕದಲ್ಲಿ ಸಂಬಳ ಕೊಟ್ಟರು. ಶಿಕ್ಷಕರ ಗೈರುಹಾಜರಿ 42%ರಿಂದ 21%ಕ್ಕೆ ಇಳಿಯಿತು. ಅದೇ ಜಿಲ್ಲೆಯ ಸರ್ಕಾರಿ ದಾದಿಯರ ಮೇಲೂ ಸಮಯ ಮುದ್ರಿಸುವ ಯಂತ್ರದಿಂದ ನಿಗಾ ಇಟ್ಟರು. ಆರಂಭದಲ್ಲಿ ಹಾಜರಿ ಚೆನ್ನಾಗಿಯೇ ಏರಿತು. ಆಮೇಲೆ ಇಲಾಖೆಯವರೇ ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಕೊಡತೊಡಗಿದರು. 16 ತಿಂಗಳಾಗುವ ಹೊತ್ತಿಗೆ ಯಂತ್ರವಿದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಉಪಕರಣ ಹೆಚ್ಚುಕಡಿಮೆ ಒಂದೇ ಬಗೆಯದು. ಹಿಂದೆ ನಿಂತವರು ಬೇರೆ.

ನಿಗಾ ಇಡುವವರ ಸ್ವಭಾವ

ಹಿಂದೆ ನಿಂತವರ ಸ್ವಭಾವವನ್ನೂ ಅಳೆದ ಒಂದು ಅಧ್ಯಯನ ಪಾಕಿಸ್ತಾನದ ಪಂಜಾಬಿನಲ್ಲಿ ನಡೆಯಿತು. ಮೈಕೆಲ್ ಕ್ಯಾಲನ್, ಸಾದ್ ಗುಲ್ಜಾರ್ ಮತ್ತಿತರರು ಅಲ್ಲಿನ ಗ್ರಾಮೀಣ ಚಿಕಿತ್ಸಾಲಯಗಳ ವೈದ್ಯರು, ಅವರನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರರು, ಅವರ ಮೇಲಿನ ಹಿರಿಯ ಅಧಿಕಾರಿಗಳು, ಹೀಗೆ ಮೂರೂ ಹಂತದವರಿಗೆ ಸ್ವಭಾವದ ಪ್ರಶ್ನಾವಳಿ ಕೊಟ್ಟರು. ಕೆಲವು ಜಿಲ್ಲೆಗಳಲ್ಲಿ ಇನ್‌ಸ್ಪೆಕ್ಟರರು ತಪಾಸಣೆಗೆ ನಿಜವಾಗಿ ಹೋಗಿದ್ದಾರೆಯೇ ಎಂದು ತಿಳಿಯಲು ಸ್ಮಾರ್ಟ್‌ಫೋನ್ ವ್ಯವಸ್ಥೆ ತಂದರು. ಒಳ್ಳೆಯ ಅಂಕ ಪಡೆದ ವೈದ್ಯರು ಹೆಚ್ಚು ದಿನ ಕೆಲಸದಲ್ಲಿ ಇರುತ್ತಿದ್ದರು. ಒಳ್ಳೆಯ ಅಂಕ ಪಡೆದ ಇನ್‌ಸ್ಪೆಕ್ಟರರು ಹೊಸ ವ್ಯವಸ್ಥೆಗೆ ಉಳಿದವರಿಗಿಂತ ಹೆಚ್ಚಾಗಿ ಸ್ಪಂದಿಸಿದರು. ಯಾವುದೋ ಚಿಕಿತ್ಸಾಲಯದಲ್ಲಿ ವೈದ್ಯರಿಲ್ಲ ಎಂಬ ವರದಿ ಮೇಜಿಗೆ ಬಂದಾಗ, ಒಳ್ಳೆಯ ಅಂಕದ ಹಿರಿಯ ಅಧಿಕಾರಿಗಳು ಆ ವರದಿಯ ಮೇಲೆ ಕ್ರಮ ಕೈಗೊಳ್ಳುತ್ತಿದ್ದರು.

ಓದುಗರು ಇಲ್ಲಿ ಪ್ರಶ್ನೆ ಎತ್ತಬಹುದು. ಕರ್ನಾಟಕದ ವೈದ್ಯರಲ್ಲಿ ನಿಷ್ಠೆಯುಳ್ಳವರು ಕಡಿಮೆ ಸ್ಪಂದಿಸಿದರು, ಪಂಜಾಬಿನ ಇನ್‌ಸ್ಪೆಕ್ಟರರಲ್ಲಿ ಹೆಚ್ಚು ಸ್ಪಂದಿಸಿದರು. ಎರಡೂ ಹೇಗೆ ನಿಜವಾಗುತ್ತದೆ? ನಮ್ಮ ಅಭಿಪ್ರಾಯದಲ್ಲಿ ವಿರೋಧವಿಲ್ಲ. ಕರ್ನಾಟಕದ ವೈದ್ಯರು ಸ್ವಂತ ಆಸ್ಪತ್ರೆಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವವರು. ಒಳ್ಳೆಯದನ್ನು ಮಾಡಬೇಕೆಂದರೆ ಅವರನ್ನು ತಡೆಯುವವರಿಲ್ಲ, ಹಾಗಾಗಿ ನಿಷ್ಠೆಯುಳ್ಳವರು ಮೊದಲೇ ಮಾಡಿಬಿಟ್ಟಿದ್ದರು. ಸರ್ಕಾರಿ ಇನ್‌ಸ್ಪೆಕ್ಟರರ ಸ್ಥಿತಿ ಬೇರೆ. ವರದಿ ಬರೆದರೂ ಅದನ್ನು ಓದುವವರಿಲ್ಲ ಎಂದಾಗ ನಿಷ್ಠಾವಂತರ ಕೈಯೂ ಸೋಲುತ್ತದೆ. ಫೋನಿನ ಮೂಲಕ ಆ ವರದಿ ಮೇಲಕ್ಕೆ ಹೋಗುತ್ತದೆ ಎಂದು ಗೊತ್ತಾದಾಗ ಅವರ ನಿಷ್ಠೆಗೆ ದಾರಿ ಸಿಕ್ಕಿತು. ಕಣ್ಗಾವಲನ್ನು ಕೆಲವರು ಅನುಮಾನವೆಂದು ತೆಗೆದುಕೊಂಡರೆ ಕೆಲವರು ‘ಕೊನೆಗೂ ನಮ್ಮ ಕೆಲಸ ಯಾರಿಗೋ ಕಾಣಿಸಿತು’ ಎಂದು ತೆಗೆದುಕೊಳ್ಳುತ್ತಾರೆ.

ಕಣ್ಗಾವಲು ಸಡಿಲವಾದಾಗ ಎಲ್ಲರೂ ಮೋಸ ಮಾಡುವುದಿಲ್ಲ ಎಂಬುದಕ್ಕೂ ಆಧಾರವಿದೆ. ಅಮೆರಿಕದ ಒಂದು ಫೋನ್ ಸಂಸ್ಥೆಯಲ್ಲಿ ದೇಣಿಗೆ ಕೇಳಿ ಕರೆ ಮಾಡುವ ನೌಕರರು ಸುಳ್ಳು ಲೆಕ್ಕ ಕೊಡುತ್ತಾರೆಯೇ ಎಂದು ನೋಡಲು ಪರಿಶೀಲನೆಯ ಪ್ರಮಾಣವನ್ನು ಬೇಕೆಂದೇ ಏರಿಳಿಸಿದರು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಸಿಕ್ಕಿಬೀಳುವ ಸಂಭವ ಕಡಿಮೆಯಾದ ಕೂಡಲೇ ಕೆಲವರು ಸುಳ್ಳು ಲೆಕ್ಕ ಹೆಚ್ಚಿಸಿದರು, ಆದರೆ ಬಹಳಷ್ಟು ಮಂದಿ ಮೊದಲಿನಂತೆಯೇ ಇದ್ದರು. ಸುಳ್ಳು ಹೆಚ್ಚಿಸಿದವರಲ್ಲಿ ಸಂಸ್ಥೆ ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಿಲ್ಲ ಎಂಬ ಭಾವನೆ ಇದ್ದವರು ಎದ್ದುಕಂಡರು.

ದಂಡ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಉದಾಹರಣೆ ಪ್ರಸಿದ್ಧ. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ 10 ಶೆಕೆಲ್ ದಂಡ ಎಂದರು. ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಏರಿತು! ಅಲ್ಲಿಯವರೆಗೆ ಶಿಕ್ಷಕಿಯ ಮುಖ ನೋಡಲು ಸಂಕೋಚಪಡುತ್ತಿದ್ದವರು ಈಗ ಹಣ ಕೊಟ್ಟಿದ್ದೇವಲ್ಲ ಎಂದು ನಿರಾಳರಾದರು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಿ ಬರಲಿಲ್ಲ. ಹಾಸ್ಟೆಲ್, ನರ್ಸರಿ ನಡೆಸುವ ನಮ್ಮ ಸಿಸ್ಟರುಗಳು ಇದನ್ನು ಓದಿ ನಗಬಹುದು.

ಆಶಾ ಕಾರ್ಯಕರ್ತೆಯರ ಲೆಕ್ಕ

ನಮ್ಮ ಮೂರು ತಾಲೂಕುಗಳಲ್ಲಿ ಪ್ರೋತ್ಸಾಹಧನದ ಲೆಕ್ಕದಲ್ಲಿ ದುಡಿಯುವವರು ಯಾರು ಎಂದು ಕೇಳಿದರೆ ಮೊದಲು ನೆನಪಾಗುವವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ಯೋಜನೆಯಲ್ಲಿ ಅವರನ್ನು ನೌಕರರೆಂದು ಕರೆಯಲಿಲ್ಲ, ಸ್ವಯಂಸೇವಕಿಯರು ಎಂದರು. ಸಂಬಳವಿಲ್ಲ, ಕೆಲಸಕ್ಕೆ ಇಷ್ಟು ಎಂಬ ಪಟ್ಟಿ. ಬಡ ಗರ್ಭಿಣಿಯನ್ನು ಆಸ್ಪತ್ರೆಯ ಹೆರಿಗೆಗೆ ಕರೆತಂದರೆ ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಭಾಗದಲ್ಲಿ 600 ರೂ. ಎಂಬ ದರ ಬಹಳ ವರ್ಷ ನಡೆಯಿತು. ಹುಟ್ಟಿದ ಮಗುವಿನ ಮನೆಗೆ 42 ದಿನಗಳೊಳಗೆ ಆರು ಬಾರಿ ಹೋಗಿ ನೋಡಿದರೆ 250 ರೂ., ಮಗುವಿಗೆ ಮೊದಲ ವರ್ಷದ ಲಸಿಕೆಗಳೆಲ್ಲ ಪೂರ್ತಿಯಾದರೆ 100 ರೂ., ಹೀಗೆ. ಇದರ ಜೊತೆಗೆ ಕರ್ನಾಟಕ ಸರ್ಕಾರ ಮಾಸಿಕ ಗೌರವಧನವನ್ನೂ ಸೇರಿಸಿತು.

ಪಟ್ಟಿ ನೋಡಿದರೆ ಚೊಕ್ಕವಾಗಿದೆ. ಆದರೆ ಕಡೂರು ಸೀಮೆಯ ಹಳ್ಳಿಗಳು ಅಜ್ಜಂಪುರದ ಕಾವಲುಗಳಂತೆ ಅಗಲಕ್ಕೆ ಹರಡಿಕೊಂಡಿವೆ. ಊರೊಳಗಿನ ನಾಲ್ಕು ಮನೆಗೂ ದೂರದ ತೋಟದ ಒಂಟಿ ಮನೆಗೂ ದರ ಒಂದೇ. ಲಸಿಕೆ ಬೇಡವೆಂದು ಬಾಗಿಲು ಹಾಕಿಕೊಂಡ ಅತ್ತೆಯನ್ನು ಮೂರು ದಿನ ಒಲಿಸುವುದಕ್ಕೆ ಪಟ್ಟಿಯಲ್ಲಿ ಸಾಲಿಲ್ಲ. ಮಗು ತೀರಿಕೊಂಡ ಮನೆಯಲ್ಲಿ ಬಾಣಂತಿಯ ಪಕ್ಕ ಅರ್ಧ ದಿನ ಕುಳಿತದ್ದಕ್ಕೂ ಇಲ್ಲ. ಲೆಕ್ಕ ಹಾಕಿ ನಡೆಯುವ ಸ್ವಭಾವದವರು ಇಂಥ ಪಟ್ಟಿಯಲ್ಲಿ ಹತ್ತಿರದ ಮನೆಗಳನ್ನು ಮೊದಲು ಮುಗಿಸುತ್ತಾರೆ, ಅದು ತಪ್ಪೂ ಅಲ್ಲ. ನಿಷ್ಠೆಯ ಸ್ವಭಾವದವರು ಒಂಟಿ ಮನೆಗೂ ಹೋಗುತ್ತಾರೆ, ಸಂಜೆ ತಡವಾಗಿ ಮನೆ ಸೇರುತ್ತಾರೆ, ತಿಂಗಳ ಕೊನೆಗೆ ಇಬ್ಬರ ಹಣವೂ ಒಂದೇ. ಎಣಿಸಲು ಬರುವ ಕೆಲಸಕ್ಕೆ ಹಣ ಕಟ್ಟಿದರೆ ಎಣಿಸಲು ಬಾರದ ಕೆಲಸ ಹಿಂದೆ ಬೀಳುತ್ತದೆ ಎಂದು ಹೋಮ್‌ಸ್ಟ್ರಾಮ್ ಮತ್ತು ಮಿಲ್‌ಗ್ರಾಮ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲೇ ತೋರಿಸಿದ್ದರು. ಮುಂದೆ ಇಬ್ಬರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಬಂತು. ಈ ಮಾತನ್ನು ಯಾವುದೇ ಹಳ್ಳಿಯ ಆಶಾ ಅಕ್ಕನೂ ನಮಗೆ ಹೇಳಬಲ್ಲಳು.

ಹಾಗೆಂದು ಹಣಕ್ಕಾಗಿ, ಬಡ್ತಿಗಾಗಿ ಬರುವವರೆಲ್ಲ ಸೇವಾಭಾವನೆ ಇಲ್ಲದವರು ಎಂದು ತೀರ್ಮಾನಿಸಬಾರದು. 2010ರಲ್ಲಿ ಆಫ್ರಿಕಾದ ಜಾಂಬಿಯಾ ದೇಶ ಹಳ್ಳಿಗಳಿಗೆ ಆರೋಗ್ಯ ಕಾರ್ಯಕರ್ತರನ್ನು ನೇಮಿಸುವಾಗ ಕೆಲವು ಕಡೆ ‘ನಿಮ್ಮ ಊರಿನ ಸೇವೆ ಮಾಡಿ’ ಎಂದೂ, ಕೆಲವು ಕಡೆ ‘ಇಲ್ಲಿಂದ ಮೇಲಿನ ಹುದ್ದೆಗೆ ಹೋಗುವ ಅವಕಾಶವಿದೆ’ ಎಂದೂ ಪೋಸ್ಟರ್ ಹಚ್ಚಿದರು. ಎರಡನೆಯ ಪೋಸ್ಟರ್ ನೋಡಿ ಬಂದವರು 29% ಹೆಚ್ಚು ಮನೆಭೇಟಿ ಮಾಡಿದರು. ಮುಂದೆ ಬರಬೇಕೆಂಬ ಆಸೆ ಮತ್ತು ಊರಿನ ಮೇಲಿನ ಕಳಕಳಿ ಒಬ್ಬರಲ್ಲೇ ಇರಬಹುದು. ಸೇವೆ ಎಂಬ ಒಂದೇ ಮಾತಿನ ಮೇಲೆ ಕಡಿಮೆ ಸಂಬಳಕ್ಕೆ ಜನರನ್ನು ದುಡಿಸುವ ಸಂಸ್ಥೆಗಳು ಇದನ್ನು ಗಮನಿಸುವುದು ಒಳ್ಳೆಯದು.

ಕ್ಯಾಮೆರಾ ಕಣ್ಣಿಗೆ ಮಣ್ಣು

ಉದ್ಯೋಗ ಖಾತರಿ ಕೆಲಸಗಳಲ್ಲಿ ಕೇಂದ್ರ ಸರ್ಕಾರ 2021ರಲ್ಲಿ ಮೊಬೈಲ್ ಹಾಜರಿಯ ಆ್ಯಪ್ ತಂದಿತು. ಕೆರೆ ಹೂಳೆತ್ತುವ, ಬದು ಹಾಕುವ ಜಾಗದಲ್ಲೇ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ತೆಗೆದು ಕಳುಹಿಸಬೇಕು. 2023ರ ಜನವರಿ 1ರಿಂದ ಬಹುತೇಕ ಎಲ್ಲ ಕಾಮಗಾರಿಗಳಿಗೂ ಇದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕಡೆಗಳಲ್ಲಿ ಬೆಳಿಗ್ಗೆಯೇ ಬಂದು ಗುದ್ದಲಿ ಹಿಡಿದವರ ಹಾಜರಿ ಬೀಳದೆ ಕೂಲಿ ತಪ್ಪಿದ ದೂರುಗಳು ದೇಶದ ನಾನಾ ಭಾಗಗಳಿಂದ ಬಂದವು. ಇನ್ನೊಂದು ಕಡೆ, 2025ರ ಜುಲೈಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೊ ಹಾಕುವುದು, ಫೋಟೊದ ಫೋಟೊ ತೆಗೆದು ಕಳುಹಿಸುವುದು, ಫೋಟೊದಲ್ಲಿ ಇರುವವರ ಸಂಖ್ಯೆಗೂ ಹಾಜರಿಗೂ ತಾಳೆಯಾಗದಿರುವುದು ಮುಂತಾದ ದುರುಪಯೋಗಗಳನ್ನು ಪಟ್ಟಿ ಮಾಡಿ, ಪ್ರತಿ ಹಂತದಲ್ಲೂ ಮನುಷ್ಯರೇ ಪರಿಶೀಲಿಸಬೇಕೆಂದು ಹೇಳಿತು. ಯಂತ್ರವನ್ನು ದಾಟುವ ಮನಸ್ಸಿದ್ದವರು ದಾಟಿದರು. ಬಿಸಿಲಲ್ಲಿ ಮಣ್ಣು ಹೊತ್ತವರಲ್ಲಿ ಅದೆಷ್ಟೋ ಮಂದಿ ಸಿಗ್ನಲ್‌ಗಾಗಿ ಕಾದರು. ಕಣ್ಗಾವಲಿನ ಹೊರೆ ಹೆಚ್ಚಾಗಿ ಹೀಗೆ ತಪ್ಪು ಮಾಡದವರ ಹೆಗಲಿಗೇ ಬೀಳುತ್ತದೆ ಎಂಬುದು ನಮ್ಮನ್ನು ಕಾಡುವ ಸಂಗತಿ.

ಹಾಗಾದರೆ ಸಣ್ಣ ಸಂಸ್ಥೆ ನಡೆಸುವವರು ಏನು ಮಾಡಬಹುದು? ಒಂದು ಶಾಲೆಯಲ್ಲಿ ಪೂರ್ತಿ ಹಾಜರಿಗೆ ವರ್ಷದ ಕೊನೆಯಲ್ಲಿ ಬಹುಮಾನ ಇಟ್ಟಿದ್ದಾರೆ ಎಂದುಕೊಳ್ಳಿ. ಪ್ರತಿ ವರ್ಷವೂ ಅದು ಅದೇ ಇಬ್ಬರು ಟೀಚರುಗಳಿಗೆ ಹೋಗುತ್ತದೆ, ಬಹುಮಾನ ಇಲ್ಲದಿದ್ದರೂ ಅವರು ಬರುವವರೇ. ಉಳಿದವರು ಜೂನ್ ತಿಂಗಳಲ್ಲಿ ಒಂದು ರಜೆ ಹಾಕಿದ ದಿನವೇ ಆಟದಿಂದ ಹೊರಗೆ. ಹಾಗಾದರೆ ಸುಧಾರಿಸಿದವರಿಗೆ ಮಾತ್ರ ಕೊಡೋಣವೇ? ಆಗ ನಿಷ್ಠೆಯಿಂದ ಬಂದವರಿಗೆ ಏನೂ ಇಲ್ಲ, ಕಳೆದ ವರ್ಷ ಕಳ್ಳಾಟ ಆಡಿದವರಿಗೆ ಬಹುಮಾನ. ಇದು ಯಾವ ನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ಏಳದೆ ಇರುವುದಿಲ್ಲ. ಈ ಗಂಟನ್ನು ಬಿಡಿಸಲು ಕರ್ನಾಟಕದ ವೈದ್ಯರ ಅಧ್ಯಯನ ಓದಿದವರಿಗೂ ಸುಲಭದ ಉಪಾಯ ಸಿಗುವುದಿಲ್ಲ. ನಮ್ಮ ಸಲಹೆ ಕೇಳಿದರೆ, ವರ್ಷಕ್ಕೊಂದು ದೊಡ್ಡ ಬಹುಮಾನದ ಬದಲು ತಿಂಗಳ ಲೆಕ್ಕದ ಸಣ್ಣ ಮೊತ್ತ ಮೇಲು, ಒಮ್ಮೆ ತಪ್ಪಿದವರಿಗೆ ಮುಂದಿನ ತಿಂಗಳು ಹೊಸ ಅವಕಾಶವಿರುತ್ತದೆ. ಆತಂಕದ ಸ್ವಭಾವದವರಿಗೆ ಫಲಿತಾಂಶದ ಮೇಲೆ ಹಣ ಕಟ್ಟುವುದಕ್ಕಿಂತ, ಇಂತಿಂಥದ್ದು ಮಾಡಿ ಎಂದು ಸ್ಪಷ್ಟವಾಗಿ ಬರೆದುಕೊಟ್ಟು ಅದಕ್ಕೆ ಹಣ ಕೊಡುವುದು ಒಳ್ಳೆಯದು. ನಿಷ್ಠಾವಂತರಿಗೆ ಬೇಕಾಗುವುದು ಬಹುಮಾನಕ್ಕಿಂತ ಹೆಚ್ಚಾಗಿ ಅವರ ಕೆಲಸಕ್ಕೆ ಅಡ್ಡ ಬರುವ ವಸ್ತುಗಳನ್ನು ತೆಗೆಯುವುದು. ಕೆಟ್ಟ ತೂಕದ ಯಂತ್ರ ರಿಪೇರಿ ಮಾಡಿಸುವುದು, ಮುಗಿದ ಔಷಧಿ ತರಿಸಿಕೊಡುವುದು, ಎರಡೆರಡು ಬಾರಿ ಬರೆಸುವ ರಿಜಿಸ್ಟರನ್ನು ಒಂದಕ್ಕೆ ಇಳಿಸುವುದು.

ಆಶಾ ಕಾರ್ಯಕರ್ತೆಯರ ಬೇಡಿಕೆ ಕೂಡ ಬಹುಮಟ್ಟಿಗೆ ಇದೇ ಆಗಿತ್ತು. 2025ರ ಜನವರಿಯಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕುಳಿತರು. ಪಟ್ಟಿಯ ದರಗಳನ್ನು ಏರಿಸಿ ಎಂಬುದಷ್ಟೇ ಅವರ ಮಾತಾಗಿರಲಿಲ್ಲ. ತಿಂಗಳಿಗೆ ಇಷ್ಟು ಎಂಬ ನಿಶ್ಚಿತ ಮೊತ್ತ ಬೇಕು, ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ಏರದೆ ಪ್ರೋತ್ಸಾಹಧನ ತಪ್ಪುತ್ತಿರುವುದರಿಂದ ಆ ಜೋಡಣೆಯನ್ನು ತೆಗೆಯಬೇಕು ಎಂದು ಅವರು ಕೇಳಿದರು. ನಾಲ್ಕನೆಯ ದಿನ ಮುಖ್ಯಮಂತ್ರಿಗಳು ಏಪ್ರಿಲ್‌ನಿಂದ ಗೌರವಧನ, ಪ್ರೋತ್ಸಾಹಧನ ಸೇರಿ ತಿಂಗಳಿಗೆ ಕನಿಷ್ಠ 10,000 ರೂ. ಖಚಿತಪಡಿಸುವ ಭರವಸೆ ನೀಡಿದ ಮೇಲೆ ಧರಣಿ ನಿಂತಿತು. ಭರವಸೆ ಪೂರ್ತಿಯಾಗಿ ಜಾರಿಯಾಗಲಿಲ್ಲವೆಂದು ಅದೇ ವರ್ಷ ಆಗಸ್ಟಿನಲ್ಲಿ ಅವರು ಮತ್ತೆ ಬೀದಿಗಿಳಿದರು. ಧರಣಿ ಮುಗಿಸಿ ಊರಿಗೆ ಮರಳಿದವರಿಗೆ ಮರುದಿನ ಬೆಳಿಗ್ಗೆ ಎಂದಿನಂತೆ ಮನೆಭೇಟಿ ಇತ್ತು.